ಮಕ್ಕಳೊಂದಿಗೆ ಒಂದು ಬೇಸಿಗೆ: ಪ್ರಕೃತಿ ವೀಕ್ಷಣೆ, ಈಜು ಮತ್ತು ತಿರುಗಾಟದ ಸಮಗ್ರ ಮಾರ್ಗದರ್ಶಿ

ರಜೆ ಶುರುವಾಗುವ ಮೊದಲೇ ಹೆಚ್ಚಿನ ಮನೆಗಳಲ್ಲಿ ತಿರುಗಾಟದ ಪಟ್ಟಿಯೊಂದು ಸಿದ್ಧವಾಗಿರುತ್ತದೆ: ಎರಡು ದಿನ ಅಲ್ಲಿ, ಮೂರು ದಿನ ಇಲ್ಲಿ, ನಡುವೆ ಒಂದಿಷ್ಟು ಈಜು. ಆ ಪಟ್ಟಿಯನ್ನು ಹರಿದುಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ಅದರ ನೆತ್ತಿಯ ಮೇಲೆ ಇನ್ನೊಂದು ಸಾಲನ್ನು ಬರೆದುಕೊಳ್ಳಿ: ಮನೆಯಿಂದ 15–20 ನಿಮಿಷಗಳಲ್ಲಿ ತಲುಪಬಹುದಾದ ಒಂದೇ ಒಂದು ಜಾಗ, ರಜೆ ಮುಗಿಯುವುದರೊಳಗೆ ಅಲ್ಲಿಗೆ ಕನಿಷ್ಠ 12 ಭೇಟಿ. ಹೊಸ ಜಾಗದಲ್ಲಿ ಮಗುವಿಗೆ ಎಲ್ಲವೂ ಹೊಸದಾಗಿರುವುದರಿಂದ ಯಾವುದೂ ವಿಶೇಷವಾಗಿ ಕಾಣುವುದಿಲ್ಲ; ಮೊನ್ನೆ ಮುಚ್ಚಿದ್ದ ಮೊಗ್ಗು ಇಂದು ಅರಳಿದೆ, ಮೊನ್ನೆ ಇದ್ದ ಗೂಡು ಇಂದು ಖಾಲಿಯಾಗಿದೆ ಎಂದು ಗೊತ್ತಾಗಬೇಕಾದರೆ ಮೊನ್ನೆಯ ನೆನಪು ಇರಲೇಬೇಕು. ಈಜಿಗೂ ಇದೇ ಮಾತು ಅನ್ವಯಿಸುತ್ತದೆ. ಐದು ಬೇರೆ ಬೇರೆ ಕೊಳಗಳಲ್ಲಿ ಒಂದೊಂದು ದಿನ ನೀರಾಟವಾಡಿದ ಮಗುವಿಗಿಂತ, ಒಂದೇ ಕೊಳಕ್ಕೆ ಇಪ್ಪತ್ತು ದಿನ ಹೋದ ಮಗು ಬಹಳ ಮುಂದಿರುತ್ತದೆ.

ಜಾಗವನ್ನು ಆರಿಸುವ ಬಗೆ

ಜಾಗ ಸುಂದರವಾಗಿರಬೇಕೆಂದೇನೂ ಇಲ್ಲ. ಒಂದಿಷ್ಟು ನೆರಳು, ಒಂದು ಹಳೆಯ ಮರ, ಮಳೆ ತಾಗದ ಒಣ ಪುಡಿಮಣ್ಣಿನ ಮೂಲೆ, ಸಾಧ್ಯವಾದರೆ ನಿಂತ ನೀರಿನ ಒಂದು ಅಂಚು, ಇಷ್ಟಿದ್ದರೆ ಸಾಕು. ಒಪ್ಪವಾಗಿ ಕತ್ತರಿಸಿದ ಹುಲ್ಲುಹಾಸಿಗಿಂತ ಯಾರೂ ಗುಡಿಸದ ಮೂಲೆಯೇ ಮೇಲು, ಏಕೆಂದರೆ ಕೊಳೆಯುವ ದಿಮ್ಮಿ ಮತ್ತು ತರಗೆಲೆಯ ಅಡಿಯಲ್ಲಿಯೇ ಹೆಚ್ಚಿನ ಜೀವಿಗಳು ಇರುತ್ತವೆ. ಮೊದಲ ಭೇಟಿಗೆ ಮಕ್ಕಳನ್ನು ಕರೆದೊಯ್ಯದೆ ದೊಡ್ಡವರೊಬ್ಬರೇ ಹೋಗಿ, ಒಡೆದ ಗಾಜು, ಹಾಳುಬಾವಿ, ಜೇನುಗೂಡು, ವೇಗವಾಗಿ ವಾಹನ ಓಡಾಡುವ ರಸ್ತೆ ಇವೆಯೇ ಎಂದು ಸುತ್ತು ಹಾಕಿ ನೋಡಿಕೊಂಡು ಬರಬೇಕು. ಅಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂಬುದನ್ನೂ ಆಗಲೇ ಪರೀಕ್ಷಿಸಿಬಿಡಿ.

ಸೂರ್ಯೋದಯದ ನಂತರದ ಎರಡು ಗಂಟೆ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಎರಡು ಗಂಟೆ ಹೊರಗಿರಲು ಅತ್ಯುತ್ತಮ ಸಮಯ. ಹಕ್ಕಿಗಳಿಗೂ ಅದೇ ಹೊತ್ತು ಇಷ್ಟ. ಗಡಿಯಾರವನ್ನು ನೋಡದೆ ಬಿಸಿಲಿನ ತೀವ್ರತೆಯನ್ನು ಅಳೆಯಲು ಮಕ್ಕಳಿಗೆ ನೆರಳಿನ ಪರೀಕ್ಷೆಯನ್ನು ಕಲಿಸಿಕೊಡಿ. ನಮ್ಮ ನೆರಳು ನಮಗಿಂತ ಗಿಡ್ಡವಾಗಿದ್ದರೆ ಸೂರ್ಯನ ನೇರಳಾತೀತ ಕಿರಣಗಳು ಪ್ರಖರವಾಗಿವೆ ಎಂದರ್ಥ, ಆಗ ಮರದಡಿಗೆ ಸರಿಯಬೇಕು. ಒಮ್ಮೆ ಕಲಿಸಿದರೆ ಆಮೇಲೆ ನಮ್ಮನ್ನು ನೆರಳಿಗೆ ಎಳೆದೊಯ್ಯುವವರು ಅವರೇ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಹೊರಡುವ 15 ನಿಮಿಷ ಮೊದಲು ಹಚ್ಚಿ, ಪ್ರತಿ 2 ಗಂಟೆಗೊಮ್ಮೆ ಮತ್ತು ನೀರಿನಿಂದ ಮೇಲೆ ಬಂದಾಗಲೆಲ್ಲ ಮತ್ತೆ ಹಚ್ಚಬೇಕು. ಆರು ತಿಂಗಳಿಗಿಂತ ಚಿಕ್ಕ ಕೂಸಿಗೆ ನೆರಳು ಮತ್ತು ಬಟ್ಟೆಯೇ ರಕ್ಷಣೆ.

ಚೀಲದಲ್ಲಿ ಏನಿರಬೇಕು

ಕುಡಿಯುವ ನೀರು, ಟೋಪಿ, ಪ್ರಥಮ ಚಿಕಿತ್ಸೆಯ ಪುಟ್ಟ ಪೊಟ್ಟಣ, ಪ್ರತಿ ಮಗುವಿನ ಕೊರಳಿಗೊಂದು ಸೀಟಿ, ಗೆರೆಯಿಲ್ಲದ ನೋಟ್‌ಬುಕ್, ಪೆನ್ಸಿಲ್, ಬಿಳಿಯ ಪ್ಲಾಸ್ಟಿಕ್ ತಟ್ಟೆ ಮತ್ತು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಒಂದು ಮಸೂರ. ದುರ್ಬೀನು ಆಮೇಲೆ ನೋಡಿಕೊಳ್ಳಬಹುದು. ಎಳೆಯ ಕೈಗಳು ಅದನ್ನು ಅಲುಗಾಡದಂತೆ ಹಿಡಿಯಲಾರದೆ ಬೇಸರಪಡುತ್ತವೆ. ಮಸೂರವನ್ನು ಮಾತ್ರ ಹೆಚ್ಚಿನವರು ತಪ್ಪಾಗಿ ಬಳಸುತ್ತಾರೆ. ಅದನ್ನು ಸಿನಿಮಾದ ಪತ್ತೇದಾರರಂತೆ ಹೂವಿನ ಮೇಲೆ ಹಿಡಿಯುವುದಲ್ಲ. ಕಣ್ಣಿಗೆ ತೀರಾ ಹತ್ತಿರ, ಬಹುತೇಕ ತಾಗುವಂತೆ ಹಿಡಿದು, ನೋಡಬೇಕಾದ ವಸ್ತುವನ್ನು ಇನ್ನೊಂದು ಕೈಯಿಂದ ನಿಧಾನವಾಗಿ ಹತ್ತಿರಕ್ಕೆ ತರಬೇಕು. ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ಬಂದಾಗ ಚಿತ್ರ ಥಟ್ಟನೆ ಸ್ಪಷ್ಟವಾಗುತ್ತದೆ.

ನೋಡುವುದನ್ನು ಕಲಿಸುವುದು ಹೇಗೆ

ತಲುಪಿದ ಕೂಡಲೇ ಹುಡುಕಾಟ ಶುರುಮಾಡಬೇಡಿ. ನಾವು ಕಾಲಿಟ್ಟ ಸದ್ದಿಗೆ ಅಲ್ಲಿನ ಜೀವಿಗಳೆಲ್ಲ ಅಡಗಿರುತ್ತವೆ. ಹತ್ತು ನಿಮಿಷ ಸುಮ್ಮನೆ ಕುಳಿತರೆ ಅವು ಒಂದೊಂದಾಗಿ ತಮ್ಮ ಕೆಲಸಕ್ಕೆ ಮರಳುತ್ತವೆ. ನಾಲ್ಕು ವರ್ಷದ ಮಗುವಿಗೆ ಹತ್ತು ನಿಮಿಷ ಅಸಾಧ್ಯ, ಮೂರು ನಿಮಿಷ ಸಾಧ್ಯ. ಕೇಳಿಸಿದ ಪ್ರತಿ ಸದ್ದಿಗೂ ಒಂದು ಬೆರಳು ಮಡಿಸು ಎಂದರೆ ಮೂರು ನಿಮಿಷ ಹೇಗೋ ಐದಾಗುತ್ತದೆ.

ಎರಡನೆಯದಾಗಿ, ಮಗು ‘ಇದೇನು?’ ಎಂದಾಗ ಹೆಸರು ಹೇಳಲು ಆತುರಪಡಬೇಡಿ. ಹೆಸರು ಸಿಕ್ಕಿತೆಂದರೆ ಪ್ರಶ್ನೆ ಮುಗಿಯಿತು ಎಂದು ಮಗು ಮುಂದಕ್ಕೆ ಓಡುತ್ತದೆ. ಇದು ಏನು ಮಾಡುತ್ತಿದೆ, ಇಲ್ಲಿಯೇ ಏಕಿದೆ, ಹೋದ ಸಲ ಇತ್ತೇ ಎಂದು ಮರುಪ್ರಶ್ನೆ ಹಾಕಿ. ಫೋಟೊ ಹೊಡೆದು ಹೆಸರು ಹೇಳುವ ಆ್ಯಪ್‌ಗಳು ಒಳ್ಳೆಯವೇ, ಆದರೆ ನಮ್ಮ ಮನೆಯಲ್ಲಿ ನಿಯಮವೊಂದಿದೆ: ಮೊದಲು ಚಿತ್ರ ಬರೆಯಬೇಕು, ಆಮೇಲೆ ಫೋನ್. ಬರೆಯಲು ಕುಳಿತ ಮಗು ಕಾಲುಗಳನ್ನು ಎಣಿಸಲೇಬೇಕಾಗುತ್ತದೆ. ಎಂಟು ಕಾಲು ಎಣಿಸಿದಾಗ ಜೇಡ ಕೀಟವಲ್ಲ ಎಂಬುದು ಪಾಠವಾಗಿ ಉಳಿಯದೆ ಸ್ವಂತ ಶೋಧನೆಯಾಗುತ್ತದೆ.

ಆರಂಭಕ್ಕೆ ನಾನು ಯಾವಾಗಲೂ ಸೂಚಿಸುವುದು ಇರುವೆಸಿಂಹದ ಗುಳಿಯನ್ನು. ಬೆಚ್ಚಗಿನ ಪ್ರದೇಶಗಳಲ್ಲಿ, ಮರದ ಬುಡ ಅಥವಾ ಸೂರಿನ ಕೆಳಗಿನ ಒಣ ಪುಡಿಮಣ್ಣಿನಲ್ಲಿ, ಲಾಳಿಕೆಯಾಕಾರದ ಚಿಕ್ಕ ಚಿಕ್ಕ ಗುಳಿಗಳು ಕಾಣಸಿಗುತ್ತವೆ. ಪ್ರತಿ ಗುಳಿಯ ತಳದಲ್ಲಿ, ಕುಡುಗೋಲಿನಂತಹ ಎರಡು ದವಡೆಗಳನ್ನಷ್ಟೇ ಹೊರಗಿಟ್ಟು ಮಣ್ಣಿನಲ್ಲಿ ಹೂತು ಕುಳಿತಿರುವುದು ಒಂದು ಲಾರ್ವಾ, ಅಂದರೆ ಇರುವೆಸಿಂಹ ಎಂಬ ಕೀಟದ ಮರಿಹುಳು. ಹಿಮ್ಮುಖವಾಗಿ ಸುತ್ತುತ್ತಾ, ತಲೆಯಿಂದ ಮಣ್ಣನ್ನು ಹೊರಕ್ಕೆ ಚಿಮ್ಮುತ್ತಾ ಅದು ಗುಳಿಯನ್ನು ತೋಡಿರುತ್ತದೆ. ಗುಳಿಯ ಗೋಡೆಯ ಇಳಿಜಾರು ಆ ಮಣ್ಣು ಜಾರದೆ ನಿಲ್ಲಬಲ್ಲ ಗರಿಷ್ಠ ಮಟ್ಟದಲ್ಲಿರುವುದರಿಂದ, ಇರುವೆಯೊಂದು ಅಂಚಿಗೆ ಕಾಲಿಟ್ಟರೆ ಸಾಕು, ಕಾಲಡಿಯ ನೆಲ ಕುಸಿಯುತ್ತದೆ. ಇರುವೆ ಮೇಲೇರಲು ಹೆಣಗಿದರೆ ಕೆಳಗಿನಿಂದ ಮಣ್ಣಿನ ಎರಚಾಟ ಶುರುವಾಗಿ, ಸಣ್ಣದೊಂದು ಭೂಕುಸಿತವೇ ಆಗಿ, ಅದು ನೇರ ದವಡೆಗೆ ಬಂದು ಬೀಳುತ್ತದೆ. ಲಾರ್ವಾ ಅಗಿಯುವುದಿಲ್ಲ, ಟೊಳ್ಳು ದವಡೆಗಳ ಮೂಲಕ ಹೀರುತ್ತದೆ. ರಸ ಮುಗಿದ ಮೇಲೆ ಒಣ ಚಿಪ್ಪನ್ನು ಗುಳಿಯಿಂದಾಚೆಗೆ ಎಸೆಯುತ್ತದೆ. ಹುಲ್ಲುಕಡ್ಡಿಯ ತುದಿಯಿಂದ ಗೋಡೆಯ ಎರಡು ಕಣಗಳನ್ನು ಉದುರಿಸಿದರೆ ಇರುವೆಯನ್ನು ಬಲಿಕೊಡದೆಯೇ ಈ ಎರಚಾಟವನ್ನು ಕಾಣಬಹುದು. ಲಾರ್ವಾ ಆಗಿರುವಷ್ಟು ಕಾಲವೂ ಅದು ಮಲ ವಿಸರ್ಜಿಸುವುದೇ ಇಲ್ಲ, ಎಲ್ಲವನ್ನೂ ಒಳಗೇ ಕೂಡಿಟ್ಟುಕೊಳ್ಳುತ್ತದೆ ಎಂದು ಹೇಳಿ ನೋಡಿ. ಆರು ವರ್ಷದವರ ಮಟ್ಟಿಗೆ ಇಡೀ ಬೇಸಿಗೆಯ ಅತ್ಯಂತ ಮುಖ್ಯ ಸಂಗತಿ ಇದೇ ಆಗಿಬಿಡುತ್ತದೆ. ಒಂದೇ ಗುಳಿಯ ಪಕ್ಕ ಕಡ್ಡಿ ನೆಟ್ಟು ಗುರುತಿಟ್ಟು, ಪ್ರತಿ ಭೇಟಿಯಲ್ಲಿ ಅದರ ಅಗಲವನ್ನು ಅಳೆದು ದಿನಾಂಕದೊಂದಿಗೆ ಬರೆದಿಡಿ.

ಇರುವೆಗಳ ಸಾಲಿಗೆ ಅಡ್ಡಲಾಗಿ ನೆಲವನ್ನು ಒಮ್ಮೆ ಬೆರಳಿನಿಂದ ಒರೆಸಿದರೆ, ಅವು ಅಲ್ಲಿಗೆ ಬಂದು ತಬ್ಬಿಬ್ಬಾಗುತ್ತವೆ. ವಾಸನೆಯ ದಾರಿ ಅಳಿಸಿಹೋಗಿರುತ್ತದೆ. ನೀರಿನಂಚಿನ ಗಿಡದ ಕಾಂಡಗಳಲ್ಲಿ ಬೆನ್ನು ಸೀಳಿದ ಒಣ ಪೊರೆಗಳು ಅಂಟಿಕೊಂಡಿದ್ದರೆ ಅವು ಏರೋಪ್ಲೇನ್ ಚಿಟ್ಟೆಯವು. ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ ನೀರೊಳಗೆ ಬೇಟೆಯಾಡಿಕೊಂಡಿದ್ದ ಮರಿ ಮೇಲೇರಿ ಬಂದು, ಪೊರೆ ಕಳಚಿ ಹಾರಿಹೋದ ಗುರುತು ಅದು. ಅಂಚಿನ ನೀರನ್ನು ಬಿಳಿಯ ತಟ್ಟೆಯಲ್ಲಿ ಮೊಗೆದರೆ ಇನ್ನೂ ಹಾರದ ಮರಿಗಳೂ ಸಿಗಬಹುದು. ನೋಡಿಯಾದ ಮೇಲೆ ತಟ್ಟೆಯ ನೀರನ್ನು, ಅದರೊಳಗಿನ ಜೀವಿಗಳೊಡನೆ, ಎಲ್ಲಿಂದ ಮೊಗೆದಿರೋ ಅಲ್ಲಿಗೇ ಮೆಲ್ಲನೆ ಬಿಡಬೇಕು.

ಕೆಲವು ನಿಯಮಗಳಲ್ಲಿ ರಾಜಿಯಿಲ್ಲ. ಕಲ್ಲನ್ನು ಎತ್ತುವಾಗ ದೂರದ ಅಂಚನ್ನು ಹಿಡಿದು ನಮ್ಮ ಕಡೆಗೆ ವಾಲಿಸಿ ಎತ್ತಬೇಕು. ಒಳಗೆ ಹಾವೋ ಚೇಳೋ ಇದ್ದರೆ ಅದಕ್ಕೆ ಆಚೆ ಹೋಗಲು ದಾರಿಯಿರುತ್ತದೆ, ನಮಗೂ ಅದಕ್ಕೂ ನಡುವೆ ಕಲ್ಲಿರುತ್ತದೆ. ಈ ಕೆಲಸ ದೊಡ್ಡವರದು. ನೋಡಿದ ಮೇಲೆ ಕಲ್ಲು ಮೊದಲಿನಂತೆಯೇ ಕೂರಬೇಕು. ರೋಮಭರಿತ ಕಂಬಳಿಹುಳುಗಳನ್ನು ಮುಟ್ಟುವಂತಿಲ್ಲ. ಕಪ್ಪೆಯ ಚರ್ಮ ತನಗೆ ತಾಗಿದ್ದನ್ನೆಲ್ಲ ಹೀರಿಕೊಳ್ಳುವುದರಿಂದ ಸನ್‌ಸ್ಕ್ರೀನ್ ಮೆತ್ತಿದ ಕೈಯಿಂದ ಅದನ್ನು ಹಿಡಿಯಬಾರದು.

ನೀರಿಗಿಳಿಯುವ ಮುನ್ನ

ಈಜಿನ ಮೊದಲ ಪಾಠವನ್ನು ಮನೆಯಲ್ಲೇ, ಒಂದು ಬಕೆಟ್‌ನಲ್ಲಿ ಮಾಡಬಹುದು. ತಳದಲ್ಲೊಂದು ನಾಣ್ಯವಿಟ್ಟು ನೀರು ತುಂಬಿಸಿ, ಮಗುವಿಗೆ ಮೇಲಿನಿಂದ ನೋಡಲು ಹೇಳಿ: ನೀರು ಏರಿದಂತೆ ನಾಣ್ಯವೂ ಮೇಲೆದ್ದು ಬಂದಂತೆ ಕಾಣುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ, ನೇರವಾಗಿ ಮೇಲಿನಿಂದ ನೋಡಿದಾಗ ಯಾವುದೇ ನೀರು ತನ್ನ ನಿಜವಾದ ಆಳದ ಮುಕ್ಕಾಲು ಭಾಗದಷ್ಟೇ ಆಳವಿದ್ದಂತೆ ತೋರುತ್ತದೆ. ಮೂರು ಅಡಿ ಎಂದು ಕಣ್ಣು ಹೇಳಿದರೆ ನಿಜದಲ್ಲಿ ನಾಲ್ಕು ಅಡಿ. ಮೂರೂವರೆ ಅಡಿ ಎತ್ತರದ ಮಗುವಿಗೆ ಈ ಒಂದು ಅಡಿಯ ಮೋಸ ಏನೆಂಬುದನ್ನು ಮಾತಿನಲ್ಲಿ ಹೆದರಿಸಿ ತಿಳಿಸುವುದಕ್ಕಿಂತ ನಾಣ್ಯ ತೋರಿಸಿ ತಿಳಿಸುವುದು ಲೇಸು.

ದೊಡ್ಡವರು ತಿಳಿಯಬೇಕಾದದ್ದು ಇನ್ನೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂಬುದು ಸಿನಿಮಾ ನಮಗೆ ಕಲಿಸಿದ ಸುಳ್ಳು. ಉಸಿರಿಗೇ ತತ್ವಾರವಾದಾಗ ಕೂಗಲು ಗಾಳಿ ಎಲ್ಲಿಂದ ಬರಬೇಕು? ಕೈಗಳು ನೀರನ್ನು ಕೆಳಕ್ಕೊತ್ತುತ್ತಿರುತ್ತವೆ, ಬಾಯಿ ನೀರಿನ ಮಟ್ಟದಲ್ಲಿ ಏರಿಳಿಯುತ್ತಿರುತ್ತದೆ, ಅಷ್ಟೇ. ಒಮ್ಮೆ ನನ್ನ ಮಗಳ ಟ್ಯೂಬ್ ಮಗುಚಿದಾಗ ನಾನು ಅದೇ ನೀರಿನಲ್ಲಿ, ಮೂರಡಿ ದೂರದಲ್ಲಿ, ಬೆನ್ನು ತಿರುಗಿಸಿ ನಿಂತಿದ್ದೆ. ನನಗೆ ಯಾವ ಸದ್ದೂ ಕೇಳಿಸಲಿಲ್ಲ. ತಿರುಗಿದ್ದು ಆಕಸ್ಮಿಕ.

ಆದ್ದರಿಂದ ಈಜು ಬಾರದ ಮಗುವಿನಿಂದ ದೊಡ್ಡವರು ಒಂದು ತೋಳಿನಳತೆಗಿಂತ ದೂರ ಹೋಗಬಾರದು. ನಾಲ್ಕಾರು ಕುಟುಂಬಗಳು ಸೇರಿದಾಗ ಅಪಾಯ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆಂದು ಭಾವಿಸುತ್ತಾರೆ. ಇದಕ್ಕೆ ಸರಳ ಉಪಾಯವೆಂದರೆ ಕಾವಲಿನ ಟೋಪಿ: ಅದನ್ನು ಧರಿಸಿದವರು 15 ನಿಮಿಷ ಫೋನ್, ಮಾತು, ಓದು ಯಾವುದೂ ಇಲ್ಲದೆ ನೀರನ್ನಷ್ಟೇ ನೋಡಬೇಕು, ಪಾಳಿ ಮುಗಿದಾಗ ಟೋಪಿಯನ್ನು ಮುಂದಿನವರ ತಲೆಗೆ ಖುದ್ದಾಗಿ ಇಟ್ಟು ಏಳಬೇಕು. ಮಕ್ಕಳ ಈಜುಡುಪು ಕಿತ್ತಳೆ ಅಥವಾ ಹೊಳೆಯುವ ಹಳದಿ ಬಣ್ಣದ್ದಿರಲಿ. ಎಷ್ಟೇ ಮುದ್ದಾಗಿದ್ದರೂ ತಿಳಿನೀಲಿ ಉಡುಪು ಕೊಳದ ನೀರಿನಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಈಜಿನ ಹಂತಗಳು

ಮೊದಲ ಹಂತ ಉಸಿರು. ನೀರಿನೊಳಗೆ ಬಾಯಿ, ಮೂಗುಗಳಿಂದ ಗಾಳಿ ಊದಿ ಗುಳ್ಳೆ ಎಬ್ಬಿಸುವುದು, ತಲೆಯೆತ್ತಿ ಉಸಿರೆಳೆಯುವುದು, ಮತ್ತೆ ಊದುವುದು. ಹಾಯಾಗಿ ಹತ್ತು ಬಾರಿ ಹೀಗೆ ಮಾಡಲು ಬರುವವರೆಗೆ ಮುಂದಕ್ಕೆ ಹೋಗಬೇಡಿ. ಮುಖ ಒದ್ದೆಯಾದರೆ ಗಾಬರಿಯಾಗುವ ಮಗುವಿಗೆ ಕೈಕಾಲು ಬಡಿಯಲು ಕಲಿಸಿ ಉಪಯೋಗವಿಲ್ಲ.

ಎರಡನೆಯದು ಹೊರಬರುವುದು. ಏಣಿಯಿಲ್ಲದ ಕಡೆ ಅಂಚನ್ನು ಹಿಡಿದು ಮೊಣಕೈ, ಮೊಣಕೈ, ಹೊಟ್ಟೆ, ಮೊಣಕಾಲು ಎಂದು ಹೇಳಿಕೊಳ್ಳುತ್ತಾ ಮೇಲೇರುವುದನ್ನು ಆಟದಂತೆ ಹತ್ತಿಪ್ಪತ್ತು ಸಲ ಮಾಡಿಸಿ. ನೀರಿಗೆ ಇಳಿಯುವುದನ್ನು ಎಲ್ಲರೂ ಕಲಿಸುತ್ತಾರೆ, ಹತ್ತುವುದನ್ನು ಮರೆಯುತ್ತಾರೆ.

ಮೂರನೆಯದು ಅಂಗಾತ ತೇಲುವುದು, ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಮಗುವಿನ ತಲೆ ನಿಮ್ಮ ಭುಜದ ಮೇಲಿರುವಂತೆ ಹಿಂದೆ ನಿಂತು, ಅದರ ಎರಡೂ ಕಿವಿಗಳು ನೀರಿನಲ್ಲಿ ಮುಳುಗುವಷ್ಟು ನೀವೂ ತಗ್ಗಿ. ಕಿವಿಗೆ ನೀರು ತಾಗಿದ ಕೂಡಲೇ ಮಗು ತಲೆಯೆತ್ತಲು ಹವಣಿಸುತ್ತದೆ; ತಲೆ ಎದ್ದರೆ ಸೊಂಟ ಮುಳುಗುತ್ತದೆ, ಸೊಂಟ ಮುಳುಗಿದರೆ ಹೆದರಿಕೆ ಬರುತ್ತದೆ. ಆದ್ದರಿಂದ ಚಾವಣಿ ಅಥವಾ ಆಕಾಶದಲ್ಲಿ, ನೆತ್ತಿಯ ನೇರಕ್ಕೆ, ಒಂದು ಗುರುತನ್ನು ತೋರಿಸಿ ಅದನ್ನೇ ನೋಡಲು ಹೇಳಿ. ಹೊಟ್ಟೆಯನ್ನು ಮೇಲಕ್ಕೆ ತಳ್ಳಿ, ಎದೆ ತುಂಬ ಉಸಿರೆಳೆದು ಹಿಡಿದಾಗ ದೇಹ ಏರುವುದನ್ನೂ, ಬಿಟ್ಟಾಗ ತುಸು ಇಳಿಯುವುದನ್ನೂ ಮಗು ತಾನೇ ಗಮನಿಸಲಿ. ಆಮೇಲೆ ಭುಜದ ಬದಲು ಅಂಗೈ, ಅಂಗೈಯ ಬದಲು ಎರಡು ಬೆರಳು, ಕೊನೆಗೆ ಏನೂ ಇಲ್ಲ. ಕೈ ತೆಗೆಯುವಾಗ ಹೇಳಿಯೇ ತೆಗೆಯಿರಿ. ಗೊತ್ತಿಲ್ಲದಂತೆ ಕೈಬಿಟ್ಟು ‘ನೋಡು, ನೀನೇ ತೇಲಿದೆ’ ಎನ್ನುವ ಚಮತ್ಕಾರ ಒಮ್ಮೆ ಕೆಟ್ಟರೆ ಎರಡು ವಾರದ ನಂಬಿಕೆ ನೀರುಪಾಲಾಗುತ್ತದೆ.

ಅಂಗಾತ ತೇಲಲು ಬಂದ ಮೇಲೆ ಬೋರಲಿನಿಂದ ಅಂಗಾತಕ್ಕೆ ಉರುಳುವುದು, ಗೋಡೆಯನ್ನು ಒದ್ದು ಬಾಣದಂತೆ ಜಾರುವುದು, ಸೊಂಟದಿಂದ ಕಾಲು ಬಡಿಯುವುದು ಬೇಗ ಬೇಗ ಬರುತ್ತವೆ. ಮಂಡಿಯನ್ನು ಸೈಕಲ್ ತುಳಿದಂತೆ ಮಡಿಸಿದರೆ ಮಗು ಎಷ್ಟು ದಣಿದರೂ ಇದ್ದಲ್ಲೇ ಇರುತ್ತದೆ. ಅಂಚಿನಿಂದ ನೀರಿಗೆ ಹಾರಿ, ಮೇಲೆದ್ದು, ಹಿಂತಿರುಗಿ, ಅದೇ ಅಂಚನ್ನು ತಲುಪಿ ಹತ್ತಿ ಬಂದರೆ ಈ ಬೇಸಿಗೆಯ ಗುರಿ ಮುಟ್ಟಿದಂತೆ. ಈಜಿನ ಶೈಲಿಗಳಿಗೆ ಮುಂದಿನ ವರ್ಷವಿದೆ, ತರಬೇತುದಾರರೂ ಇದ್ದಾರೆ.

ತೋಳಿಗೆ ಕಟ್ಟುವ ಗಾಳಿ ತುಂಬಿದ ಪಟ್ಟಿಗಳ ಬಗ್ಗೆ ನನಗೆ ಒಲವಿಲ್ಲ. ಅವು ಸುರಕ್ಷತಾ ಸಾಧನಗಳಲ್ಲ. ಮೇಲಾಗಿ ಮಗುವನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತವೆ, ಈಜಿಗೆ ಬೇಕಾದದ್ದು ಮಲಗಿದ ಭಂಗಿ. ಉಸಿರು ಬಿಗಿಹಿಡಿಯುವ ಪಂದ್ಯಗಳನ್ನು ಪೂರ್ತಿ ನಿಷೇಧಿಸಿ. ಮೊದಲು ಜೋರಾಗಿ ಉಸಿರಾಡಿ ಮುಳುಗಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತಗ್ಗಿ, ಉಸಿರೆಳೆಯಬೇಕೆಂಬ ಎಚ್ಚರಿಕೆ ತಡವಾಗಿ ಹುಟ್ಟುತ್ತದೆ; ಅಷ್ಟರೊಳಗೆ ಪ್ರಜ್ಞೆಯೇ ತಪ್ಪಬಹುದು.

ಒಂದು ಸಲಕ್ಕೆ 30 ನಿಮಿಷ ಧಾರಾಳ ಸಾಕು. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ದೇಹದ ಶಾಖವನ್ನು ಸೆಳೆದೊಯ್ಯುತ್ತದೆ, ಪುಟ್ಟ ದೇಹಗಳು ಇನ್ನೂ ಬೇಗ ತಣ್ಣಗಾಗುತ್ತವೆ. ತುಟಿ ನೀಲಿಯಾಗುವುದು, ಹಲ್ಲು ಕಟಕಟ ಎನ್ನುವುದು ಕಂಡರೆ ಮಗುವಿನ ‘ಇನ್ನೊಂದೇ ಸಲ’ಕ್ಕೆ ಕಿವಿಗೊಡಬೇಡಿ. ಅಂದಹಾಗೆ, ಕೊಳದ ‘ಕ್ಲೋರಿನ್ ವಾಸನೆ’ ಶುಚಿತ್ವದ ಲಕ್ಷಣವಲ್ಲ. ಕ್ಲೋರಿನ್ ಬೆವರು ಮತ್ತು ಮೂತ್ರದೊಡನೆ ಸೇರಿ ಉಂಟಾಗುವ ಕ್ಲೋರಮೈನ್‌ಗಳ ವಾಸನೆಯದು. ಘಾಟು ಕಣ್ಣಿಗೆ ಹೊಡೆಯುವಂತಿದ್ದರೆ ಬೇರೆ ಕೊಳ ನೋಡಿ, ನಿಮ್ಮ ಮಕ್ಕಳನ್ನು ಸ್ನಾನ ಮಾಡಿಸಿಯೇ ನೀರಿಗಿಳಿಸಿ.

ನದಿ, ಕೆರೆ, ಕಡಲುಗಳಿಗೆ ಕೊಳದ ಪಾಠ ಸಾಲದು. ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಅಲ್ಲಿ ಕಡ್ಡಾಯ: ತೊಡಿಸಿದ ಮೇಲೆ ಭುಜದ ಬಳಿ ಹಿಡಿದೆತ್ತಿದಾಗ ಅದು ಗಲ್ಲ, ಕಿವಿಗಳವರೆಗೆ ಜಾರಿ ಬಂದರೆ ಅಳತೆ ದೊಡ್ಡದಾಯಿತೆಂದು ತಿಳಿಯಿರಿ. ಕಡಲಿನಲ್ಲಿ ದಡದಿಂದಾಚೆಗೆ ಎಳೆಯುವ ಸೆಳೆತಕ್ಕೆ ಸಿಕ್ಕಿದವರು ಅದಕ್ಕೆದುರಾಗಿ ಈಜದೆ, ತೇಲುತ್ತಾ ನೆರವಿಗೆ ಕೈಯೆತ್ತಬೇಕು ಅಥವಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಯಾರಾದರೂ ಮುಳುಗುತ್ತಿದ್ದರೆ ಮಕ್ಕಳು ನೀರಿಗೆ ಹಾರಬಾರದು. ಕೂಗಿ ಕರೆಯಬೇಕು, ಕೋಲು ಚಾಚಬೇಕು, ತೇಲುವ ಏನನ್ನಾದರೂ ಎಸೆಯಬೇಕು. ಮನೆಯ ಒಬ್ಬರಾದರೂ ಸಿಪಿಆರ್ (ಎದೆ ಒತ್ತಿ, ಬಾಯಿಯಿಂದ ಉಸಿರು ಕೊಟ್ಟು ಜೀವ ಉಳಿಸುವ ವಿಧಾನ) ತರಬೇತಿ ಪಡೆದಿರಲಿ. ಮುಳುಗಿ ಉಸಿರು ನಿಂತವರಿಗೆ ಬೇಕಾದದ್ದು ಆಮ್ಲಜನಕವಾದ್ದರಿಂದ, ಅವರಿಗೆ ಎದೆ ಒತ್ತುವ ಮೊದಲು ಬಾಯಿಯಿಂದ ಉಸಿರು ಕೊಡುವುದರೊಂದಿಗೆ ಆರಂಭಿಸಲು ಕಲಿಸುತ್ತಾರೆ. ನೀರು ಕುಡಿದ ಮಗು ಮೇಲೆ ಬಂದ ನಂತರವೂ ಕೆಮ್ಮುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬೇಡಿ.

ದೂರದ ತಿರುಗಾಟ

ನಡಿಗೆಯ ಉದ್ದವನ್ನು ಅತ್ಯಂತ ಚಿಕ್ಕ ಕಾಲುಗಳು ನಿರ್ಧರಿಸಬೇಕು. ಗುರಿಯನ್ನು ಸ್ಥಳದಲ್ಲಿಡದೆ ಹೊತ್ತಿನಲ್ಲಿಡಿ: ಬೆಟ್ಟದ ತುದಿ ಮುಟ್ಟಲಿ ಬಿಡಲಿ, ಹತ್ತೂವರೆಗೆ ಹಿಂತಿರುಗುವುದು. ಹೊರಡುವ ಬೆಳಿಗ್ಗೆ ಪ್ರತಿ ಮಗುವಿನ ನಿಲುವಿನ ಫೋಟೊ ಮತ್ತು ಪಾದರಕ್ಷೆಯ ಅಡಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕಳೆದುಹೋದರೆ ಹುಡುಕುವವರಿಗೆ ಬಟ್ಟೆಯ ಬಣ್ಣ, ಹೆಜ್ಜೆಯ ಗುರುತು ಎರಡೂ ಬೇಕು. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಲಕನೊಬ್ಬ ಕಾಡಿನಲ್ಲಿ ದಾರಿತಪ್ಪಿ ಮೃತಪಟ್ಟ ನಂತರ ‘ಹಗ್ ಎ ಟ್ರೀ’ ಎಂಬ ಕಾರ್ಯಕ್ರಮ ಹುಟ್ಟಿಕೊಂಡಿತು. ಅದು ಮಕ್ಕಳಿಗೆ ಕಲಿಸುವುದು ಇಷ್ಟೇ: ದಾರಿ ತಪ್ಪಿದೆ ಎಂದು ಗೊತ್ತಾದ ಕ್ಷಣ ನಡೆಯುವುದನ್ನು ನಿಲ್ಲಿಸು, ಒಂದು ಮರವನ್ನು ಅಪ್ಪಿಕೊಂಡು ಅಲ್ಲೇ ಇರು. ಅದಕ್ಕೆ ಸೀಟಿಯನ್ನು ಸೇರಿಸಿ. ಮೂರು ಊದು, ನಿಲ್ಲಿಸು, ಮತ್ತೆ ಮೂರು ಊದು. ಇದನ್ನು ಮನೆಯ ಬಳಿಯ ಅದೇ ಪರಿಚಿತ ಜಾಗದಲ್ಲಿ ಆಟವಾಗಿ ಆಡಿಸಿ ರೂಢಿ ಮಾಡಿಸಿರಬೇಕು.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಹಠಾತ್ತನೆ ಬರುತ್ತದೆ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ತಿಳಿಯುತ್ತದೆ. ಈ ಲೆಕ್ಕ ಸೊಗಸಾಗಿದೆ, ಆದರೆ ಅದನ್ನು ಮನೆ ಅಥವಾ ಕಾರಿನೊಳಗೆ ಕುಳಿತು ಮಾಡಿ. ಗುಡುಗು ಕೇಳಿಸಿತೆಂದರೆ ನೀರಿನಿಂದಲೂ ಒಂಟಿಮರದಿಂದಲೂ ದೂರ ಸರಿದು ಒಳಸೇರಬೇಕು; ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು.

ರಾತ್ರಿಗೂ ಕೊನೆಯ ಭೇಟಿಗೂ

ಕನಿಷ್ಠ ಎರಡು ಭೇಟಿಗಳನ್ನು ಕತ್ತಲಿಗೆ ಮೀಸಲಿಡಿ. ಬಿಳಿಯ ಹೊದಿಕೆಯನ್ನು ಹಗ್ಗಕ್ಕೆ ಹರವಿ ಹಿಂದೊಂದು ದೀಪವಿಟ್ಟರೆ ಪತಂಗಗಳು ಬಂದು ಕೂರುತ್ತವೆ. ಮೀಸೆಯ ತುದಿ ಗದೆಯಂತಿದ್ದರೆ ಸಾಮಾನ್ಯವಾಗಿ ಅದು ಚಿಟ್ಟೆ, ಗರಿಯಂತೆಯೋ ದಾರದಂತೆಯೋ ಇದ್ದರೆ ಪತಂಗ. ಒಂದು ಗಂಟೆಯ ನಂತರ ದೀಪ ಆರಿಸಿ ಅವುಗಳ ದಾರಿಗೆ ಅವನ್ನು ಬಿಡಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಒಂದು ಫೋನಿನ ಪರದೆ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ. ಚಂದ್ರ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ ಎಂಬುದನ್ನು ಹೇಳಿಕೊಡಬೇಡಿ, ನೋಟ್‌ಬುಕ್ಕಿನಲ್ಲಿ ನಾಲ್ಕು ರಾತ್ರಿಯ ಹೊತ್ತು ಬರೆಸಿ ಅವರೇ ಕಳೆದು ನೋಡಲಿ.

ಕೊನೆಯ ಭೇಟಿಯಲ್ಲಿ ಮೊದಲ ದಿನದ ಪುಟ ತೆರೆದು, ಅಂದು ಕುಳಿತಲ್ಲೇ ಕುಳಿತು ಅದೇ ಚಿತ್ರವನ್ನು ಮತ್ತೆ ಬರೆಸಿ. ಕಡ್ಡಿ ನೆಟ್ಟ ಇರುವೆಸಿಂಹದ ಗುಳಿ ಆ ಹೊತ್ತಿಗೆ ಮುಚ್ಚಿಹೋಗಿರಬಹುದು. ಹಾಗಿದ್ದರೆ ಅಲ್ಲಿನ ಮಣ್ಣನ್ನು ಬೆರಳುಗಳಿಂದ ಹುಷಾರಾಗಿ ಸೋಸಿ ನೋಡಿ. ಅದೃಷ್ಟವಿದ್ದರೆ ಮರಳಿನ ಕಣಗಳನ್ನು ರೇಷ್ಮೆಯಿಂದ ಹೆಣೆದ, ಕಾಳಿನಷ್ಟು ಚಿಕ್ಕ ಗುಂಡನೆಯ ಗೂಡು ಸಿಗುತ್ತದೆ. ಅದರೊಳಗಿನ ಜೀವ ಕೆಲವು ವಾರಗಳಲ್ಲಿ ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ನಾಲ್ಕು ರೆಕ್ಕೆಗಳೊಂದಿಗೆ ಹೊರಬರುತ್ತದೆ. ಮಗುವಿನ ಅಂಗೈಯಲ್ಲಿ ಒಂದು ನಿಮಿಷ ಇಟ್ಟು ತೋರಿಸಿ, ಇದ್ದ ಜಾಗದಲ್ಲೇ ಇದ್ದಷ್ಟೇ ಆಳಕ್ಕೆ ಹೂತು, ಮೇಲೆ ಮಣ್ಣುದುರಿಸಿ, ದಿನಾಂಕ ಬರೆದುಕೊಂಡು ಬನ್ನಿ.